ಹತ್ತು ಮನೆಗೊಂದು ಕುದುರೆ

ಕುದುರೆ ಕೊಳ್ಳುವ ಯೋಚನೆ ಹುಟ್ಟಿದ್ದು ಮೆಂತ್ಯದ ಸೊಪ್ಪು ಕೊಳ್ಳುವಾಗ. ಆಕ್‌ಲೆಂಡಿನ ಏವನ್‌ಡೇಲ್‌ನ ಭಾನುವಾರದ ಸಂತೆ ಸೇರುವುದು ಅಲ್ಲಿನ ರೇಸ್ ಕೋರ್ಸಿನ ಅಂಗಳದಲ್ಲಿ. ನಾನೂ ನನ್ನ ಮೈಸೂರಿನ ಗೆಳೆಯನೂ ಸೊಪ್ಪಿನ ಕಟ್ಟು ಹಿಡಿದು ನಿಂತಿದ್ದೆವು. ಅವನು ಬೇಲಿಯಾಚೆಯ ಖಾಲಿ ಟ್ರ್ಯಾಕನ್ನು ಬಹಳ ಹೊತ್ತು ನೋಡಿ, "ಗುರು, ನಾವೂ ಒಂದು ಕುದುರೆ ಇಡ್ಬೇಕು ಕಣೋ" ಎಂದ.

ಅವನು ಸಾಫ್ಟ್‌ವೇರಿನವನು. ನಾನು ಈಸ್ಟ್ ತಮಾಕಿಯ ಕಾರ್ಖಾನೆಯೊಂದರಲ್ಲಿ ಪಂಪುಗಳನ್ನು ಪರೀಕ್ಷಿಸುವ ಎಂಜಿನಿಯರ್. ಇಬ್ಬರೂ ಜೀವಮಾನದಲ್ಲಿ ಕುದುರೆಯ ಮೈ ಮುಟ್ಟಿದವರಲ್ಲ. ಆದರೆ ಅವನು ಹೈಸ್ಕೂಲಿನಲ್ಲಿದ್ದಾಗ ಮೈಸೂರಿನ ರೇಸ್ ಕೋರ್ಸಿನ ಕಾಂಪೌಂಡು ಹಾದು ಟ್ಯೂಷನ್ನಿಗೆ ಹೋಗುತ್ತಿದ್ದನಂತೆ. ಅಷ್ಟು ಅನುಭವ ಸಾಕೆಂದು ಅವನ ಅಭಿಪ್ರಾಯ.

ನ್ಯೂಜಿಲೆಂಡಿನಲ್ಲಿ ಕುದುರೆಯ ಮಾಲೀಕನಾಗಲು ಮಹಾರಾಜನ ವಂಶದಲ್ಲಿ ಹುಟ್ಟಬೇಕಾಗಿಲ್ಲ. ಹಲವರು ಪಾಲು ಸೇರಿದರಾಯಿತು. ಎರಡು ತಿಂಗಳೊಳಗೆ ಹತ್ತು ಕನ್ನಡ ಮನೆಗಳು ಸೇರಿದವು. ಗಣೇಶನ ಹಬ್ಬಕ್ಕೆ ಹಾಲ್ ಗೊತ್ತು ಮಾಡುವಾಗ ಒಮ್ಮೆಯೂ ಒಂದಾಗದಿದ್ದ ಮನೆಗಳು ಅವು. ನಾಲ್ಕು ವರ್ಷದ ಕಂದು ಬಣ್ಣದ ಹೆಣ್ಣು ಕುದುರೆಯೊಂದು ನಮ್ಮದಾಯಿತು. ಅದು ಅಷ್ಟರಲ್ಲಿ ಎರಡು ಸಲ ಓಡಿತ್ತು. ಎರಡು ಸಲವೂ ಮುಂದಿದ್ದವರಿಗೆ ಏನೂ ತೊಂದರೆ ಕೊಟ್ಟಿರಲಿಲ್ಲ.

ಹೆಸರಿಡುವ ವಿಷಯಕ್ಕೆ ಮೂರು ವಾರ ಜಗಳವಾಯಿತು. ಕೊನೆಗೆ ಗೆದ್ದ ಸಂಸ್ಕೃತದ ಹೆಸರನ್ನು ಲಾಯದಲ್ಲಿ ಯಾರಿಗೂ ಉಚ್ಚರಿಸಲು ಬರದೆ, ಅದನ್ನು 'ಗರ್ಲ್' ಎಂದೇ ಕರೆಯುತ್ತಿದ್ದರು. ಜಾಕಿಯ ಅಂಗಿಯ ಬಣ್ಣಕ್ಕೆ ಮಾತ್ರ ಜಗಳವೇ ಇರಲಿಲ್ಲ: ಹಳದಿ ಮತ್ತು ಕೆಂಪು. ಮೈಸೂರಿನ ಗೆಳೆಯ ತನ್ನ ಆಫೀಸಿನ ಇಮೇಲಿನ ಅಡಿಯಲ್ಲಿ ಹುದ್ದೆಯ ಕೆಳಗೆ 'ರೇಸ್ ಕುದುರೆಯ ಮಾಲೀಕ' ಎಂದು ಸೇರಿಸಿಕೊಂಡ. ಇಷ್ಟಾದರೂ ಹತ್ತು ಮನೆಯವರಲ್ಲಿ ಒಬ್ಬರೂ ಹೋಗಿ ಕುದುರೆಯನ್ನು ನೋಡಿರಲಿಲ್ಲ. ಫೋನಿನಲ್ಲಿ ಫೋಟೋ ಬರುತ್ತಿತ್ತು, ಹೃದಯದ ಚಿಹ್ನೆ ಒತ್ತುತ್ತಿದ್ದೆವು.

ಅದನ್ನು ಪಳಗಿಸುತ್ತಿದ್ದ ಟ್ರೇನರ್ ಅರವತ್ತು ದಾಟಿದ ಹೆಂಗಸು, ಮಿತಭಾಷಿ. "ಈ ಸಲ ಗೆಲ್ಲುತ್ತಾ?" ಎಂದು ಗೆಳೆಯ ಫೋನಿನಲ್ಲಿ ಕೇಳಿದಾಗ ಆಕೆ "ಯಾ, ನಾ" ಎಂದಳು. ನ್ಯೂಜಿಲೆಂಡಿನವರ ಬಾಯಲ್ಲಿ ಅದರ ಅರ್ಥ 'ಇಲ್ಲ' ಎಂದು. ನಮ್ಮವನು ಮೊದಲನೆಯ ಅಕ್ಷರ ಕೇಳಿಸಿಕೊಂಡು ಫೋನಿಟ್ಟ.

ಓಟ ಇದ್ದದ್ದು ಆಕ್‌ಲೆಂಡಿನಿಂದ ಎರಡೂವರೆ ಗಂಟೆ ದೂರದ ಹಳ್ಳಿಯ ಟ್ರ್ಯಾಕಿನಲ್ಲಿ. ಶನಿವಾರ ಬೆಳಿಗ್ಗೆ ಏಳು ಕಾರುಗಳಲ್ಲಿ ಹೊರಟೆವು. ಟೀವಿಯಲ್ಲಿ ಇಂಗ್ಲೆಂಡಿನ ರೇಸುಗಳನ್ನು ನೋಡಿ ಸಿದ್ಧರಾಗಿದ್ದೆವು: ಗಂಡಸರು ಮದುವೆಯ ಸೂಟಿನಲ್ಲಿ, ಹೆಂಗಸರು ಮೈಸೂರು ರೇಷ್ಮೆಯಲ್ಲಿ. ಗೆಳೆಯನ ಹೆಂಡತಿ ಸೀರೆಯ ಮೇಲೆ ಗರಿ ಸಿಕ್ಕಿಸಿದ ಹ್ಯಾಟು ಹಾಕಿದ್ದರು. ನನ್ನ ಅತ್ತೆ, ಅಂದರೆ ನಮ್ಮ ಬಳಗದವರೆಲ್ಲರ 'ಆಂಟಿ', ಹತ್ತಿಯ ಸೀರೆ, ನನ್ನ ಹಳೆಯ ಜಾಕೆಟ್ಟು, ಗಮ್‌ಬೂಟು ಹಾಕಿಕೊಂಡು ಹಿಂದಿನ ಸೀಟಿನಲ್ಲಿ ಕೂತರು. ರೇಸ್ ಎಂದರೆ ಜೂಜು ಎಂದು ತಿಂಗಳಿಂದ ನನ್ನನ್ನು ಬಯ್ಯುತ್ತಿದ್ದವರು ಅವರು.

"ನಾನು ಜೂಜು ನೋಡೋಕೆ ಬರ್ತಿಲ್ಲ ಅಳಿಯಂದ್ರೆ. ಕುದುರೆ ನೋಡೋಕೆ ಬರ್ತಿದೀನಿ" ಎಂದರು.

ಟ್ರ್ಯಾಕು ತಲುಪಿದಾಗ ಜಿನುಗು ಮಳೆ. ಹುಲ್ಲಿನ ಮೇಲೆ ಸಾಲಾಗಿ ಯೂಟ್ ಎನ್ನುವ ಪಿಕಪ್ ಗಾಡಿಗಳು ನಿಂತಿದ್ದವು, ಒಂದೊಂದರ ಹಿಂದೆಯೂ ಒಂದೊಂದು ನಾಯಿ. ಜನ ಚಡ್ಡಿ, ಉಣ್ಣೆಯ ಅಂಗಿ, ಗಮ್‌ಬೂಟಿನಲ್ಲಿ ಓಡಾಡುತ್ತಿದ್ದರು. ನಮ್ಮನ್ನು ಬಿಟ್ಟರೆ ಸೂಟಿನಲ್ಲಿದ್ದವರು ಒಬ್ಬರೇ; ಅವರು ಯಾರದೋ ಶವಸಂಸ್ಕಾರ ಮುಗಿಸಿಕೊಂಡು ಬಂದಿದ್ದರು. ಮಾಲೀಕರಿಗೆಂದೇ ಇದ್ದ ಕೋಣೆಯಲ್ಲಿ ಟೀ ಮತ್ತು ಸಾಸೇಜ್ ರೋಲ್ ಇಟ್ಟಿದ್ದರು. ನಮ್ಮಲ್ಲಿ ಆರು ಮನೆಯವರು ಸಸ್ಯಾಹಾರಿಗಳು. ಮಾಲೀಕತ್ವದ ಸುಖವನ್ನು ಅವರು ಟೊಮೇಟೊ ಸಾಸಿನಲ್ಲಿ ಅನುಭವಿಸಿದರು.

ಅತ್ತೆ ಕಾಣಿಸಲಿಲ್ಲ. ಹುಡುಕಿಕೊಂಡು ಹೋದರೆ ಕುದುರೆಗಳನ್ನು ಕಟ್ಟುವ ಜಾಗದಲ್ಲಿ ನಮ್ಮ ಕುದುರೆಯ ಮುಂಗಾಲನ್ನು ಎತ್ತಿ ಹಿಡಿದು ಲಾಳ ನೋಡುತ್ತಿದ್ದರು. ಟ್ರೇನರ್ ಪಕ್ಕದಲ್ಲಿ ನಿಂತು ತಲೆಯಾಡಿಸುತ್ತಿದ್ದಳು. ನಾನೂ ಮೈಸೂರಿನ ಗೆಳೆಯನೂ ಎರಡು ಮಾರು ದೂರದಲ್ಲೇ ನಿಂತೆವು.

"ಆಂಟಿ, ಒದ್ದುಬಿಡತ್ತೆ!" ಎಂದ ಗೆಳೆಯ.

"ಯಾಕಪ್ಪಾ ಒದೀತಾಳೆ? ನಮ್ಮಪ್ಪನ ಹತ್ರ ಎರಡಿತ್ತು. ಬೆಳಿಗ್ಗೆ ಹುರುಳಿ ಬೇಯಿಸಿ ಹಾಕೋದು ನನ್ ಕೆಲ್ಸ."

ಗೆಳೆಯನ ಮುಖ ಅರಳಿತು. "ಅರಮನೆ ಕಡೆಯವ್ರಾ ಆಂಟಿ ನೀವು?"

"ಜಟಕಾ ಕಣಪ್ಪ. ಮೈಸೂರು ಸ್ಟೇಷನ್ನಿಂದ ಮಾರ್ಕೆಟ್ಟಿಗೆ ಬಾಡಿಗೆ ಹೊಡೀತಿದ್ರು."

ಹನ್ನೆರಡು ವರ್ಷ ಒಂದೇ ಮನೆಯಲ್ಲಿದ್ದರೂ ಈ ಸಂಗತಿ ನನಗೆ ಗೊತ್ತಿರಲಿಲ್ಲ. ಅವರ ತಂದೆ 'ಸಾರಿಗೆ'ಯಲ್ಲಿದ್ದರು ಎಂದು ಮದುವೆ ಮಾತುಕತೆಯಲ್ಲಿ ಹೇಳಿದ್ದರು. ನಮ್ಮ ಮನೆಯವರು ಅದನ್ನು ಸರ್ಕಾರಿ ಇಲಾಖೆ ಎಂದುಕೊಂಡಿದ್ದರು, ಬೇರೆ ಪ್ರಶ್ನೆ ಕೇಳಿರಲಿಲ್ಲ. ಗೆಳೆಯ ಒಮ್ಮೆ ಕೆಮ್ಮಿ, ಟೈ ಸರಿಮಾಡಿಕೊಂಡು, ಜಾಕಿಗೆ ಸಲಹೆ ಕೊಡಲು ಹೊರಟ.

ಓಟಕ್ಕೆ ಮುಂಚೆ ಮಾಲೀಕರನ್ನು ಕುದುರೆಗಳು ಸುತ್ತುವ ಆವರಣದೊಳಗೆ ಬಿಡುತ್ತಾರೆ. ಸಾಮಾನ್ಯವಾಗಿ ಕುದುರೆಗೆ ಇಬ್ಬರೋ ಮೂವರೋ ನಿಂತಿರುತ್ತಾರೆ. ನಾವು ಇಪ್ಪತ್ತಾರು ಮಂದಿ ನುಗ್ಗಿದೆವು. ಜಾಕಿ ನನ್ನ ಭುಜದಷ್ಟೂ ಎತ್ತರವಿಲ್ಲದ ಯುವತಿ. ಟೋಪಿ ಮುಟ್ಟಿ ವಂದಿಸಿದಳು. "ಮೊದಲು ಸುಮ್ಮನೆ ಹಿಂದೆ ಇರಿ, ಆಮೇಲೆ ಮುಂದೆ ಬನ್ನಿ" ಎಂದು ಗೆಳೆಯ ಇಂಗ್ಲಿಷಿನಲ್ಲಿ ಉಪದೇಶ ಮಾಡಿದ. ಆಕೆ ಗಂಭೀರವಾಗಿ ಕೇಳಿಸಿಕೊಂಡಳು. ಅದರಲ್ಲಿ ಅರ್ಧವನ್ನು ಅಕ್ಷರಶಃ ಪಾಲಿಸಿದಳೆಂದು ಆಮೇಲೆ ತಿಳಿಯಿತು.

ಅದು ಒಮ್ಮೆಯೂ ಗೆಲ್ಲದ ಕುದುರೆಗಳಿಗೆಂದೇ ಇದ್ದ ಓಟ. ಹನ್ನೆರಡು ಕುದುರೆಗಳು. ಅತ್ತೆ ಮೇಲಕ್ಕೆ ಬರಲಿಲ್ಲ, "ಇಲ್ಲೇ ಇರ್ತೀನಿ, ಅವಳು ಇಲ್ಲಿಗೇ ತಾನೆ ವಾಪಸ್ ಬರೋದು" ಎಂದರು. ನಾವು ಗ್ಯಾಲರಿಯ ಮುಂದಿನ ಸಾಲು ಹಿಡಿದೆವು. ಗೇಟು ತೆರೆಯಿತು. ಕುದುರೆಗಳು ಆಚೆ ಬದಿಯ ಮಳೆಯಲ್ಲಿ ಕರಗಿಹೋದವು. ಕಾಮೆಂಟೇಟರ್ ನಮ್ಮ ಸಂಸ್ಕೃತದ ಹೆಸರನ್ನು ಒಂದು ಸಲ ಪ್ರಯತ್ನಿಸಿ, ಮತ್ತೆ ಅದರ ತಂಟೆಗೆ ಹೋಗಲಿಲ್ಲ.

ಕೊನೆಯ ತಿರುವಿನಲ್ಲಿ ಮಳೆಯ ಪರದೆಯಿಂದ ಹಳದಿ ಕೆಂಪು ಅಂಗಿಯೊಂದು ಎಲ್ಲರಿಗಿಂತ ಮುಂದೆ ಹೊರಬಂತು.

ಆಮೇಲಿನದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ವಿದ್ಯಾರ್ಥಿಯಾಗಿ ಬಂದು ಫಿಸಿಯೋಥೆರಪಿಸ್ಟ್ ಆಗಿರುವ ಧಾರವಾಡದ ಗೆಳೆಯ ಬೆಂಚಿನ ಮೇಲೆ ಹತ್ತಿ, "ಓಡವ್ವಾ ಓಡು! ಬಿಡಬ್ಯಾಡ! ಹೊಂಟಾಳ ನೋಡ್ರಿ ನಮ್ಮವ್ವ!" ಎಂದು ಗಂಟಲು ಹರಿದುಕೊಂಡ. ಗರಿಯ ಹ್ಯಾಟು ಗಾಳಿಗೆ ಹಾರಿಹೋಯಿತು. ಇಲ್ಲೇ ಹುಟ್ಟಿದ ನಮ್ಮ ಮಕ್ಕಳು, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲೇ ಉತ್ತರಿಸುವವರು, "ಬಾರೇ! ಬಾರೇ!" ಎಂದು ಕಿರುಚಿದರು. ನಾನು ಯಾರನ್ನೋ ತಬ್ಬಿಕೊಂಡು ಅತ್ತುಬಿಟ್ಟೆ. ಹಳದಿ ಕೆಂಪು ಒಂದು ತಲೆಯಷ್ಟು ಅಂತರದಲ್ಲಿ ಗೆದ್ದಿತು.

ನಾನು ತಬ್ಬಿಕೊಂಡಿದ್ದು ಗಮ್‌ಬೂಟಿನ ದೊಡ್ಡ ಆಳೊಬ್ಬನನ್ನು. ಹತ್ತಿರದಲ್ಲೇ ಹಸು ಸಾಕುವ ರೈತ. ಅವನ ಕಣ್ಣೂ ಒದ್ದೆಯಾಗಿತ್ತು. "ನನ್ನ ಮನೆಯವರೂ ಇಷ್ಟು ಕೂಗಲಿಲ್ಲ. ಬನ್ನಿ, ಎಲ್ಲರೂ ಬನ್ನಿ!" ಎಂದು ನಮ್ಮನ್ನು ಗೆದ್ದವರ ಆವರಣಕ್ಕೆ ಎಳೆದುಕೊಂಡು ಹೋದ. ಊರಿನ ಜನ ಎಷ್ಟು ಒಳ್ಳೆಯವರು, ನಮ್ಮ ಗೆಲುವಿಗೆ ಇವನು ಅಳುತ್ತಿದ್ದಾನಲ್ಲ ಎಂದುಕೊಂಡೆ. ಎಲ್ಲರೂ ಕುದುರೆಯ ಸುತ್ತ ನಿಂತೆವು, ಫೋಟೋ ತೆಗೆದರು. ಮೈಸೂರಿನ ಗೆಳೆಯ ಬೆಳ್ಳಿಯ ಬಟ್ಟಲು ಹಿಡಿದುಕೊಂಡ. ತನ್ನ ಫೋನಿನಲ್ಲೂ ಒಂದು ತೆಗೆಸಿ, ನಿಂತಲ್ಲಿಂದಲೇ ಮೈಸೂರಿಗೆ ಕಳಿಸಿದ.

ಆಗ ಧಾರವಾಡದ ಗೆಳೆಯ ವೃತ್ತಿಯ ಅಭ್ಯಾಸದಿಂದ ಬಾಗಿ ಕುದುರೆಯ ಹಿಂಗಾಲಿನ ಸ್ನಾಯು ನೋಡಿದ. ನಿಧಾನವಾಗಿ ಎದ್ದು ನನ್ನ ಕಿವಿಯಲ್ಲಿ, "ಲೇ, ನಮ್ದು ಹೆಣ್ಣಲ್ಲೇನು?" ಎಂದ.

"ಹೌದು."

"ಇದು ಹೆಣ್ಣಲ್ಲ ಬಿಡು."

ಮುಂದೆ ನಿಂತಿದ್ದ ಮೈಸೂರಿನವನಿಗೂ ಕೇಳಿಸಿತು. ಅವನು ಹಲ್ಲು ಬಿಟ್ಟುಕೊಂಡೇ, ತುಟಿ ಅಲ್ಲಾಡಿಸದೆ, "ಸುಮ್ನಿರ್ರೋ, ಇನ್ನೊಂದ್ ಫೋಟೋ ತೆಗೀತಿದಾರೆ" ಎಂದ.

ಆ ಸೀಮೆಯ ರಗ್ಬಿ ತಂಡದ ಬಣ್ಣವೂ ಹಳದಿ, ಕೆಂಪು, ಜೊತೆಗೆ ಕಪ್ಪು. ಗೆದ್ದದ್ದು ರೈತನ ಕುದುರೆ; ಅವನ ಜಾಕಿಯ ಅಂಗಿಯೂ ಹಳದಿ ಕೆಂಪು, ಟೋಪಿ ಮಾತ್ರ ಕಪ್ಪು, ನಮ್ಮವಳದು ಕೆಂಪು. ಅಷ್ಟೇ ವ್ಯತ್ಯಾಸ. ನಮ್ಮ ಕುದುರೆ ಹನ್ನೆರಡನೆಯದಾಗಿ ಬಂದಿತ್ತು.

ಕಟ್ಟುವ ಜಾಗಕ್ಕೆ ಹೋದಾಗ ಅತ್ತೆ ಒದ್ದೆ ಬಟ್ಟೆಯಿಂದ ಅದರ ಕಣ್ಣಿನ ಸುತ್ತ ಮೆತ್ತಿದ್ದ ಕೆಸರನ್ನು ಒರೆಸುತ್ತಿದ್ದರು. ಕುದುರೆಯ ಪಕ್ಕೆಗಳು ತಿದಿಯಂತೆ ಏರಿಳಿಯುತ್ತಿದ್ದವು. ಓಟ ಹೇಗಾಯಿತೆಂದು ಮಾಲೀಕರಿಗೆ ಹೇಳುವುದು ಜಾಕಿಯ ಪದ್ಧತಿ. ಇಪ್ಪತ್ತಾರು ಮಾಲೀಕರಲ್ಲಿ ಒಬ್ಬರೂ ಇಲ್ಲದ್ದರಿಂದ ಆಕೆ ಅತ್ತೆಗೇ ಹೇಳಿ ಹೋಗಿದ್ದಳು.

"ಏನಂದ್ಲು?" ಎಂದೆ.

"ಮುಖಕ್ಕೆ ಕೆಸರು ಎರಚಿದ್ರೆ ಇವಳಿಗೆ ಇಷ್ಟ ಆಗಲ್ವಂತೆ. ಯಾರಿಗ್ ಆಗತ್ತೆ ಹೇಳಿ?" ಎಂದರು. ಬಟ್ಟೆ ಹಿಂಡುತ್ತಾ ನನ್ನ ಕಡೆ ನೋಡಿದರು. "ಹಣೆ ಮೇಲೆ ಬಿಳೀ ಚುಕ್ಕೆ ಇದೆ ಇವಳಿಗೆ. ಅದೂ ಗೊತ್ತಿರ್ಲಿಲ್ವಾ ನಿಮಗೆ?"

ಗೊತ್ತಿರಲಿಲ್ಲ. ಅಷ್ಟು ಫೋಟೋ ಬಂದಿದ್ದರೂ ನೋಡಿರಲಿಲ್ಲ. ಮೊದಲ ಸಲ ಕೈ ಚಾಚಿ ಅದರ ಕುತ್ತಿಗೆ ಮುಟ್ಟಿದೆ. ಬಿಸಿಯಾಗಿತ್ತು, ನಡುಗುತ್ತಿತ್ತು. ನಾವು ಬೇರೆ ಕುದುರೆಗೆ ಜಯಕಾರ ಹಾಕುತ್ತಿದ್ದಾಗ ಇದು ಹಿಂದೆ ಕೆಸರಿನಲ್ಲಿ ಒಂಟಿಯಾಗಿ ಓಡಿ ಮುಗಿಸಿತ್ತು.

"ಹೋಗಿ ಆ ರೈತರಿಗೆ ನಿಜ ಹೇಳಿ ಬನ್ನಿ. ಪಾಪ, ನಿಮ್ಮನ್ನ ತನ್ನ ಕಡೆಯವರು ಅಂದ್ಕೊಂಡಿದಾರೆ" ಎಂದರು ಅತ್ತೆ.

ಹೋಗಲು ಯಾರೂ ಮುಂದೆ ಬರಲಿಲ್ಲ. ರೈತ ಕೂತಿದ್ದ ಬಾರ್‌ಗೆ ನಾನೇ ಹೋಗಿ ಹೇಳಿದೆ. ರೈತ ಒಂದು ಕ್ಷಣ ನನ್ನ ಸೂಟನ್ನು ನೋಡಿದ, ಆಮೇಲೆ ಮೇಜು ಹಿಡಿದುಕೊಂಡು ನಕ್ಕ, ಮೂವರನ್ನು ಕರೆದು ಅವರ ಮುಂದೆ ಮತ್ತೊಮ್ಮೆ ಹೇಳಿಸಿದ. ನಗು ಇಳಿದ ಮೇಲೆ, "ನಿಮ್ಮದು ಯಾವುದು? ಆ ಸೀರೆಯ ಅಜ್ಜಿ ಹಿಡಿದಿದ್ದ ಕಂದು ಕುದುರೆಯೇ? ಅಷ್ಟು ಗದ್ದಲದಲ್ಲೂ ಸುಮ್ಮನೆ ನಿಂತಿತ್ತು. ನನ್ನ ಹೆಂಡತಿಗೆ ಸೊಂಟದ ಆಪರೇಷನ್ ಆಗಿದೆ. ಅಂಥ ಸಾಧು ಕುದುರೆಯನ್ನೇ ಹುಡುಕುತ್ತಿದ್ದೇನೆ" ಎಂದ.

ಇದು ರೇಸಿಗೆ ಹುಟ್ಟಿದ್ದಲ್ಲ ಎಂದು ಟ್ರೇನರ್ ಅಂದೇ ಖಚಿತವಾಗಿ ಹೇಳಿದಳು. ಹತ್ತು ಮನೆಯವರು ಸಭೆ ಸೇರಿ, ಹೆಸರಿಗೆ ಮೂರು ವಾರ ಜಗಳವಾಡಿದವರು, ಕುದುರೆಯನ್ನೇ ರೈತನಿಗೆ ಬಿಟ್ಟುಕೊಡಲು ಹತ್ತು ನಿಮಿಷದಲ್ಲಿ ಒಪ್ಪಿದರು. ಮೈಸೂರಿನಲ್ಲಿ ಗೆಳೆಯನ ಚಿಕ್ಕಪ್ಪ ಆಗಲೇ ಓಣಿಗೆಲ್ಲ ಪೇಡ ಹಂಚಿಬಿಟ್ಟಿದ್ದರು. ಅವರು ಸಕ್ಕರೆ ಕಾಯಿಲೆಯವರು, ನಿಜ ಹೇಳಿದರೆ ಆಘಾತವಾದೀತೆಂದು ಇವನು ಇವತ್ತಿಗೂ ಹೇಳಿಲ್ಲ. ನಾನೇನೂ ಹರಿಶ್ಚಂದ್ರನಲ್ಲ. ಕಾರ್ಖಾನೆಯಲ್ಲಿ ಆ ಫೋಟೋ ನೋಡಿದವರೊಬ್ಬರು ಕೈ ಕುಲುಕಿದಾಗ ಸುಮ್ಮನೆ ಕುಲುಕಿಸಿಕೊಂಡೆ.

ಈಗ ರೈತನ ಹೆಂಡತಿ ಅದನ್ನು ಏರಿ ದಿನವೂ ತೋಟದ ಗೇಟಿನವರೆಗೆ ಹೋಗಿ ಬರುತ್ತಾರಂತೆ. ತಿಂಗಳಿಗೊಮ್ಮೆ ಅತ್ತೆಗೆ ಫೋನು ಮಾಡುತ್ತಾರೆ. ಇವರದು ಮೈಸೂರಿನ ಇಂಗ್ಲಿಷು, ಅವರದು ಇಲ್ಲಿನ ಹಳ್ಳಿಯ ಇಂಗ್ಲಿಷು, ಅರ್ಧ ಗಂಟೆಗೆ ಕಡಿಮೆಯಿಲ್ಲದೆ ಹಲ್ಲು, ಲಾಳ, ಮೇವು ಎಂದು ಮಾತು ನಡೆಯುತ್ತದೆ. ಹೋದ ವಾರ ಅಡುಗೆಮನೆಯಿಂದ ನಾನು, "ಹೇಗಿದಾಳಂತೆ ಅತ್ತೆ?" ಎಂದು ಕೇಳಿದೆ.

ಅವರು ಫೋನಿನ ಮೇಲೆ ಕೈ ಮುಚ್ಚಿ, "ದಪ್ಪ ಆಗಿದಾಳಂತೆ" ಎಂದರು, ಬಹಳ ತೃಪ್ತಿಯಿಂದ.