ಅಪ್ಪನ ಮೊಳ

ನಮ್ಮ ಮನೆಯಲ್ಲಿ ಮೊಳ ಎಂದರೆ ಅಪ್ಪನ ಮೊಳ. ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ಯಾರ ಕೈಯಾದರೂ ಮೊಳವೇ. ಆದರೆ ಅವ್ವನ ಲೆಕ್ಕದಲ್ಲಿ ಉಳಿದವರದು ಬರೀ ಕೈ. ಅಪ್ಪ ಎತ್ತರದ ಆಳು. ದನದ ಕೊಟ್ಟಿಗೆ, ಹಿತ್ತಲಬಾಗಿಲು, ಪಡಸಾಲೆ ಎಲ್ಲವನ್ನೂ ತನ್ನ ಕೈ ಊರಿ ಅಳೆದೇ ಕಟ್ಟಿಸಿದ್ದ. ಅವನು ತೀರಿಕೊಂಡ ಮೇಲೆ ಅವ್ವ ತನ್ನ ಮೊಳಕ್ಕೆ ನಾಲ್ಕು ಬೆರಳು ಸೇರಿಸಿ ಅಪ್ಪನ ಮೊಳ ಮಾಡಿಕೊಳ್ಳುತ್ತಿದ್ದಳು. ದೇವರಿಗೆ ಹೂವು ಕೊಳ್ಳುವಾಗಲೂ ಅದೇ ಹಟ.

"ನಿನ್ನ ಗಂಡನ ಕೈಲೆ ಅಳದ ಕೊಟ್ರ ನಾ ಉಪಾಸ ಬೀಳೂದ ಖರೇ, ಯಮ್ಮಾ," ಎಂದು ಹೂವಿನವಳು ನಕ್ಕು ನಾಲ್ಕು ಬೆರಳು ಹೆಚ್ಚೇ ಬಿಡುತ್ತಿದ್ದಳು.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುವವಳು. ಸುಮ್ಮನಿರಲಾಗದೆ ಒಮ್ಮೆ ಅವ್ವನಿಗೆ ಅಂದೆ: "ಒಂದ ಮೊಳ ಅಂದ್ರ ಒಂದೂವರಿ ಫೂಟು, ಬೇ."

"ಯಾರ ಮೊಳ?"

"ಎಲ್ಲಾರ್ದೂ."

"ಎಲ್ಲಾರ ಕೈ ಒಂದ ಇದ್ರ ಬಳಿ ಅಂಗಡ್ಯಾಗ ಅಷ್ಟೊಂದ ಸೈಜ್ ಯಾಕ ಇಡ್ತಾರ?"

ಈ ಬೇಸಿಗೆಯಲ್ಲಿ ಪಡಸಾಲೆಗೆ ಹೊಸ ಜಮಖಾನೆ ನೇಯಿಸೋಣವೆಂದು ನವಲಗುಂದಕ್ಕೆ ಫೋನ್ ಮಾಡಿದೆ. ನೇಯುವ ಅಕ್ಕ ಉದ್ದವನ್ನು ಫೂಟಿನಲ್ಲಿ ಹೇಳಿ ಎಂದಳು. ನಾನು ಟೇಪು ತರಲು ಎದ್ದರೆ ಅವ್ವ ತಡೆದಳು.

"ಎಂಟ ಮೊಳ ಐತಿ. ಅಳದ ತೋರಸ್ತೀನಿ, ತಡಿ."

ಗೋಡೆಯ ಬುಡದಲ್ಲಿ ಕೂತು ಮೊಳ ಹಾಕತೊಡಗಿದಳು. ಪ್ರತಿ ಮೊಳದ ಮುಂದೆ ನಾಲ್ಕು ಬೆರಳು, ಮತ್ತೆ ಮೊಳ. ಎಂಟು ಮುಗಿದರೂ ಎದುರಿನ ಗೋಡೆ ಸಿಗಲಿಲ್ಲ.

"ಪಡಸಾಲಿ ಬೆಳದೈತೇನಲೇ?" ಎಂದು ನಕ್ಕಳು. ಮತ್ತೆ ಅಳೆದಳು. ಮತ್ತೆ ಅಷ್ಟೇ ಉಳಿಯಿತು.

ಹೋದ ವರ್ಷ ಚಿಕುನ್‌ಗುನ್ಯಾ ಬಂದು ಹೋದ ಮೇಲೆ ಅವಳ ಎರಡೂ ಕೈಗಳ ಕೀಲು ಬಿಗಿದಿವೆ, ಬೆರಳು ಪೂರ್ತಿ ಚಾಚುವುದಿಲ್ಲ. ರೊಟ್ಟಿ ಬಡಿಯುವುದನ್ನೂ ಬಿಟ್ಟಿದ್ದಾಳೆ. ಅಳೆಯುವ ಭರದಲ್ಲಿ ಅದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಈಗ ಅವ್ವ ತನ್ನ ಕೈಗಳನ್ನೇ ನೋಡಿಕೊಂಡಳು. ನಗು ನಿಂತಿತು.

"ಇನ್ನ ನಿಮ್ಮಪ್ಪನ ಮೊಳ ನನಗ ಸಿಗೂದಿಲ್ಲ ಬಿಡು. ಫೋಟೋದಾಗ ಬರೇ ಮಾರಿ ಐತಿ."

ಅಪ್ಪ ಹೋದಾಗಲೂ ಅವಳು ಹೀಗೆ ಕೈಚೆಲ್ಲಿ ಕೂತದ್ದನ್ನು ನಾನು ಕಂಡಿರಲಿಲ್ಲ. ಟೇಪು ತಂದು ಗೋಡೆಯಿಂದ ಗೋಡೆಗೆ ಹಿಡಿದೆ. ನಾಲ್ಕು ಮೀಟರ್ ಎಂಟು ಸೆಂಟಿಮೀಟರ್. ಎಂಟರಿಂದ ಭಾಗಿಸಿದೆ.

"ಅಪ್ಪನ ಮೊಳ ಐವತ್ತೊಂದು ಸೆಂಟಿಮೀಟರ್, ಬೇ."

"ಅಂದ್ರ ಎಷ್ಟ?"

ಟೇಪನ್ನು ಐವತ್ತೊಂದಕ್ಕೆ ಎಳೆದು ನಿಲ್ಲಿಸಿ ನೆಲದ ಮೇಲಿಟ್ಟೆ. ಅವ್ವ ಅದರ ಶುರುವಿಗೆ ಮೊಣಕೈ ಊರಿ, ಪಕ್ಕದಲ್ಲೇ ತನ್ನ ಕೈ ಮಲಗಿಸಿದಳು. ಸೊಟ್ಟ ಬೆರಳು ಎಲ್ಲೋ ನಡುವೆಯೇ ನಿಂತವು. ಮುಂದೆ ಬರೀ ಹಳದಿ ಟೇಪು. ಅವಳು ಇನ್ನೊಂದು ಕೈಯಿಂದ ಅದನ್ನು ಮೆಲ್ಲಗೆ ಸವರುತ್ತ ಹೋಗಿ, ತುದಿಗಿಂತ ಸ್ವಲ್ಪ ಹಿಂದೆ ನಿಲ್ಲಿಸಿದಳು.

"ಇಲ್ಲಿ ಉಂಗರ ಇರ್ತಿತ್ತು," ಅಂದಳು.