ಕೊನೆಯ ಸಾಲಿನ ತಮಟೆ

ಇವತ್ತು ಪೀಣ್ಯದಲ್ಲಿ, ನಮ್ಮ ಕಾರ್ಖಾನೆಯ ಗೇಟಿನ ಬಳಿ ಯಾರೋ ರಟ್ಟು ಸುಡುತ್ತಿದ್ದರು. ಆ ವಾಸನೆಗೆ ನನ್ನ ಬೆರಳುಗಳು ತಾವಾಗಿಯೇ ತೊಡೆಯ ಮೇಲೆ ಬಾರಿಸತೊಡಗಿದವು.

ನಾನು ಚಿಕ್ಕವನಿದ್ದಾಗ ನಮ್ಮೂರಿನ ನಲವತ್ತು ಮಕ್ಕಳ ತಮಟೆ ತಂಡಕ್ಕೆ ನನ್ನ ಚಿಕ್ಕಪ್ಪನೇ ಮೇಷ್ಟ್ರು. ರಟ್ಟಿನ ಬೆಂಕಿಗೆ ತಮಟೆ ಕಾಯಿಸಿ, ಚರ್ಮವನ್ನು ಕೆನ್ನೆಗೆ ಒತ್ತಿ ಬಿಸಿ ನೋಡುತ್ತಿದ್ದರು. ಗೆಳತಿ ಮಂಜುಳಾ ಮುಂದೆ ನಿಂತು ಕುಣಿಯುತ್ತ ಬಾರಿಸುವಳು. ನನಗೆ ಕೊನೆಯ ಸಾಲು, ಬದಲಾಗದ ಒಂದೇ ಪೆಟ್ಟು.

"ನಾನ್ಯಾವಾಗ ಮುಂದೆ ಬರೋದು?"

"ನೀನು ತಪ್ಪಿದ್ರೆ ಅಷ್ಟೂ ಜನ ತಪ್ತಾರೆ ಕಣೋ. ಅಲ್ಲೇ ನಿಂತ್ಕೋ," ಎನ್ನುತ್ತಿದ್ದರು ಚಿಕ್ಕಪ್ಪ.

ಮಂಜುಳಾ ಈಗ ಸ್ಟುಡಿಯೋದಲ್ಲಿ ಸಿನಿಮಾ ಹಾಡುಗಳಿಗೆ ಬಾರಿಸುತ್ತಾಳೆ. ತಡೆಯಲಾಗದೆ ಫೋನ್ ಮಾಡಿದೆ. "ಅಲ್ಲಿ ನನ್ ಪೆಟ್ಟು ಯಾರು ಹಾಕ್ತಾರೆ?"

"ತಾಳ ತಪ್ಪದಿರಲಿ ಅಂತ ಹೆಡ್‌ಫೋನಲ್ಲಿ ಮಷೀನ್ ಟಿಕ್ ಟಿಕ್ ಅನ್ನುತ್ತೆ ಕಣೋ. ಒಂದ್ಸಲಾನೂ ತಪ್ಪಲ್ಲ."

"ನಾನು ತಪ್ತಿದ್ನಾ?" ಎಂದು ಕೇಳುವಷ್ಟರಲ್ಲಿ ಶಿಫ್ಟಿನ ಸೈರನ್ ಕೂಗಿತು.