ಮಿರ್ಚಿಗೆ ಪಾರ್ವೊ ಬಂದಾಗ ಸುಟ್ಟ ಕೌದಿ

ಮಿರ್ಚಿ ಅಂದು ಬೆಳಿಗ್ಗೆ ಹಾಲು ಮುಟ್ಟಲಿಲ್ಲ.

ನಾಲ್ಕು ತಿಂಗಳ ನಾಯಿಮರಿ. ಬಟ್ಟಲಿನ ಸದ್ದಾದರೆ ಸಾಕು, ಓಡಿಬಂದು ನನ್ನ ಕಾಲಿಗೆ ಸುತ್ತಿಕೊಂಡು ನನ್ನನ್ನೇ ಕೆಡವುವ ಜಾತಿ. ಅಂದು ಮೂತಿ ತಿರುವಿ ಮಲಗಿತು. ಆಮೇಲೆ ಹಳದಿ ನೊರೆ ಕಾರಿತು. ಅತ್ತೆ, "ದೃಷ್ಟಿ ಆಗ್ಯಾದ" ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟು ಎದ್ದು ಮನೆಮಂದಿಯೆಲ್ಲ ಕೆಮ್ಮಿದೆವು. ದೃಷ್ಟಿಯಾಗಿದ್ದರೆ ಘಾಟೇ ಏಳುತ್ತಿರಲಿಲ್ಲ, ಹಾಗಾದರೆ ದೃಷ್ಟಿಯಲ್ಲ ಎಂದು ಅವರೇ ತೀರ್ಪು ಕೊಟ್ಟರು.

ಮಧ್ಯಾಹ್ನಕ್ಕೆ ರಕ್ತ ಬಂತು.

ನೀರಿನಂಥ ಭೇದಿ, ಅದರಲ್ಲಿ ರಕ್ತ. ಆ ವಾಸನೆ ಒಮ್ಮೆ ಮೂಗಿಗೆ ಬಡಿದವರು ಮರೆಯಲಾರರು. ಎತ್ತಿಕೊಂಡೆ. ಕತ್ತು ನನ್ನ ತೋಳಿನ ಮೇಲೆ ಜೋತುಬಿತ್ತು.

ನಾನು ಹಳೆ ಸೀರೆ, ಬಟ್ಟೆ ಪದರಿಟ್ಟು ಹೊದೆಯುವ ಕೌದಿ ಹೊಲಿಯುವವಳು. ಸುರಪುರದ ಗುಡ್ಡದ ಕೆಳಗಿನ ಓಣಿಯಲ್ಲಿ ನಮ್ಮ ಮನೆ. ಗಂಡ ಟಂಟಂ ಆಟೋ ಓಡಿಸುತ್ತಾರೆ. ಫೋನು ಮಾಡಿದಾಗ ಅವರು ಕೆಂಭಾವಿಗೆ ಹೊರಡಲು ಗಾಡಿ ತುಂಬಿಸಿಕೊಂಡಿದ್ದರು. ಅಷ್ಟೂ ಮಂದಿಯನ್ನು ಇಳಿಸಿ ಮನೆಗೆ ಬಂದರು. ಇಳಿದ ಮುದುಕನೊಬ್ಬ ಕೇಳಿದನಂತೆ, "ನಾಯಿ ಸಲುವಾಗಿ ನನ್ನ ಇಳಸ್ತಿ ಏನೋ?"

"ನಿನಗ ಇನ್ನೊಂದು ಗಾಡಿ ಸಿಗ್ತದ ಕಾಕಾ. ಅದಕ್ಕ ಇನ್ನೊಂದು ಜೀವ ಸಿಗಂಗಿಲ್ಲ" ಎಂದು ಹೇಳಿ ಬಂದಿದ್ದರು. ಕಡಿಮೆ ಮಾತಿನ ಮನುಷ್ಯ. ಆವತ್ತು ಆಡಿದ ಒಂದು ಮಾತು ವರ್ಷಕ್ಕೆ ಸಾಲುವಂತಿತ್ತು.

ಶಹಾಪುರದಲ್ಲಿ ನಾಯಿ ನೋಡುವ ಡಾಕ್ಟರಮ್ಮ ಒಬ್ಬರಿದ್ದಾರೆ. ಮೊದಲು ಕೇಳಿದ್ದೇ, "ವ್ಯಾಕ್ಸಿನ್ ಹಾಕ್ಸೀರೇನು?"

"ಹಾಕ್ಸೇವ್ರಿ. ಸಾಲಿ ಮುಂದ ಕ್ಯಾಂಪ್ ಇತ್ತಲ್ರಿ, ಅಲ್ಲಿ" ಎಂದೆ, ಎದೆ ಸೆಟೆಸಿ.

"ಅದು ರೇಬೀಸ್‌ದು. ಹುಚ್ಚುನಾಯಿ ರೋಗದ್ದು. ಇದಕ್ಕ ಬ್ಯಾರೆ ಇರ್ತದವ್ವ."

ನಮ್ಮ ಓಣಿಯಲ್ಲಿ ಸೂಜಿ ಅಂದರೆ ಒಂದೇ ಸೂಜಿ. ಅದು ಆಯಿತು ಅಂದರೆ ಎಲ್ಲವೂ ಆಯಿತು. ಎಷ್ಟು ಮರಿಗಳು ಹೀಗೆ ಹೋದವೋ! ಡಾಕ್ಟರಮ್ಮ ಟೆಸ್ಟ್ ಕಿಟ್ ತೋರಿಸಿದರು. ಎರಡು ಕೆಂಪು ಗೆರೆ.

ಪಾರ್ವೊ.

"ಉಳಿತದೇನ್ರಿ?"

"ಈ ವೈರಸ್ ಕೊಲ್ಲೋ ಔಷಧ ಇಲ್ಲ. ಡ್ರಿಪ್ ಹಾಕಿ, ವಾಂತಿ ನಿಲ್ಲಿಸಿ, ಶಕ್ತಿ ಕೊಡ್ತೀನಿ. ಕಾದಾಡೋದು ಅದರ ಕೆಲಸ." ಮುಂಗಾಲಿಗೆ ಡ್ರಿಪ್ಪಿನ ಸೂಜಿ ಚುಚ್ಚುತ್ತಲೇ ಕೇಳಿದರು, "ನಿಮ್ಮ ಆಜುಬಾಜು ಯಾವುದಾರ ಮರಿ ಸತ್ತದೇನು?"

ಸತ್ತಿತ್ತು. ಎದುರು ಮನೆಯ ಶಾಂತವ್ವನ ಮರಿ, ಮಳೆಗಾಲದಲ್ಲಿ. ಹೀಗೇ ರಕ್ತಭೇದಿಯಾಗಿ.

"ಅದರ ಸಾಮಾನೇನಾರ ನಿಮ್ಮನಿಗಿ ಬಂದದೇನು?"

ನಾನು ಗಂಡನ ಮುಖ ನೋಡಿದೆ. "ಒಂದು ಕೌದಿ ಬಂದದ್ರಿ" ಎಂದೆ.

ನಮ್ಮ ಕಡೆ ಕೌದಿಯನ್ನು ಯಾರೂ ಎಸೆಯುವುದಿಲ್ಲ. ಬಾಣಂತಿಗೆ ಹೊದಿಸಿದ್ದು, ಹಳತಾದರೆ ಮಕ್ಕಳ ಕೆಳಗೆ, ಹರಿದರೆ ಜೋಳದ ಚೀಲದ ಕೆಳಗೆ, ಕೊನೆಗೆ ನಾಯಿಗೆ. ಶಾಂತವ್ವ ತನ್ನ ಮರಿ ಮಲಗುತ್ತಿದ್ದ ಕೌದಿಯನ್ನು ಸೋಪು ಹಾಕಿ ಒಗೆದು, ಒಣಗಿಸಿ, ಮಡಚಿ ತಂದುಕೊಟ್ಟಿದ್ದಳು. "ನಮ್ಮದಕ್ಕ ಋಣ ಇರ್ಲಿಲ್ಲ, ನಿಮ್ಮದಾರ ಬೆಚ್ಚಗ ಮಲಗಲಿ" ಎಂದಿದ್ದಳು. ಅವಳ ಮಗಳ ಬಾಣಂತನಕ್ಕೆ ಅದನ್ನು ಹೊಲಿದುಕೊಟ್ಟವಳು ನಾನೇ.

"ಸೋಪಿಗಿ ಇದು ಸಾಯಂಗಿಲ್ಲ. ಬಟ್ಟಿಯಾಗ, ನೆಲದಾಗ ತಿಂಗಳಗಟ್ಟಲೆ ಇರ್ತದ" ಎಂದರು ಡಾಕ್ಟರಮ್ಮ. "ಕೌದಿ ಸುಟ್ಟುಬಿಡ್ರಿ. ನೆಲಕ್ಕ ಬ್ಲೀಚಿಂಗ್ ನೀರು ಹಾಕ್ರಿ. ಬ್ಯಾರೆ ನಾಯಿ ಹತ್ರ ಹೋಗಬ್ಯಾಡ್ರಿ, ನಿಮ್ಮ ಚಪ್ಪಲ್‌ಗಿ ಅಂಟಿನೂ ಈ ರೋಗ ಹೋಗ್ತದ."

ಮನೆಗೆ ಬಂದವಳೇ ಅಂಗಳದಲ್ಲಿ ಕೌದಿ ಹಾಕಿ ಸೀಮೆಎಣ್ಣೆ ಸುರಿದೆ. ಅತ್ತೆ ಓಡಿಬಂದರು. ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೊಂದು ಚೂರು ರೊಟ್ಟಿ ಇಟ್ಟು ಹೊಲಿಯುವುದು ನಮ್ಮ ಮನೆಯ ಪದ್ಧತಿ, ಕೌದಿ ಹಸಿದಿರಬಾರದು ಎಂದು. "ರೊಟ್ಟಿ ಇಟ್ಟದ್ದು ಸುಡ್ತಿ? ಅನ್ನ ಸುಟ್ಟಂಗ ಅದು!" ಎಂದರು.

"ಹೊಲದಾಕಿ ನಾನಾ. ಸುಡಾಕಿನೂ ನಾನಾ. ನೀವು ಒಳಗ ಹೋಗ್ರಿ ಅತ್ತಿ."

ಕಡ್ಡಿ ಗೀರಿದೆ.

ಶಾಂತವ್ವ ಬಾಗಿಲಲ್ಲಿ ನಿಂತು ನೋಡಿದಳು. "ಪ್ರೀತಿಲೆ ಕೊಟ್ಟಿದ್ದೆ. ಓಣಿ ತುಂಬ ನನ್ನ ಮಾನ ಸುಟ್ಟಿ."

"ಮಾನ ಅಲ್ಲ, ರೋಗ ಸುಟ್ಟೀನಿ" ಎಂದೆ. ಅವಳು ಬಾಗಿಲು ಹಾಕಿಕೊಂಡಳು. ನನಗೆ ಅವಳ ಮೇಲೆ ಸಿಟ್ಟಿರಲಿಲ್ಲ. ಆದರೆ ಅದನ್ನು ಬಿಡಿಸಿ ಹೇಳುತ್ತ ಕೂರುವ ಪುರಸೊತ್ತೂ ಇರಲಿಲ್ಲ.

ದಿನಾ ಶಹಾಪುರ. ದಿನಾ ಡ್ರಿಪ್. ಮನೆಗೆ ಬಂದರೆ ವಾಂತಿ ಬಳಿಯುವುದು, ಬ್ಲೀಚಿಂಗ್ ನೀರಲ್ಲಿ ನೆಲ ಒರೆಸುವುದು, ಚಪ್ಪಲಿ ಅದ್ದುವುದು. ಅಂಗೈ ಚರ್ಮ ಸುಲಿದು ಸೂಜಿ ಹಿಡಿಯಲಾಗದೆ ಹೊಲಿಗೆ ನಿಂತಿತು. ಕೌದಿಗೆಂದು ಬಟ್ಟೆ ಕೊಟ್ಟಿದ್ದವರು ತಮ್ಮ ಮಕ್ಕಳಿಗೂ ಈ ರೋಗ ಬಂದೀತು ಎಂದು ವಾಪಸ್ ಕೇಳಿದರು. ಇದು ಮನುಷ್ಯರಿಗೆ ಬರುವುದಿಲ್ಲ ಎಂದು ಗಂಟಲು ಹರಿಯುವಂತೆ ಹೇಳಿದೆ. ಕೆಲವರು ನಂಬಿದರು. ನಂಬದವರಿಗೆ ಅವರ ಬಟ್ಟೆಯ ಗಂಟು ಬಿಸಾಕಿದೆ.

ಮೈದುನ ಬಂದು ಬುದ್ಧಿ ಹೇಳಿದ. "ನಾಯಿ ಹೋದ್ರ ಇನ್ನೊಂದು ತರೂಣು ವೈನಿ. ಗುಡ್ಡದ ಮ್ಯಾಲ ಬಿಟ್ಟುಬಾ, ಸುಮ್ಮನ ಯಾಕ ಒದ್ದಾಡ್ತಿ?"

"ನಿನಗ ಜ್ವರ ಬಂದಾಗ ಇದೇ ಮಾತು ನೆನಪು ಮಾಡ್ತೀನಿ, ತಡಿ" ಎಂದೆ. ಚಹಾ ಕುಡಿಯದೆ ಎದ್ದುಹೋದ. ಹೋಗಲಿ. ಮಿರ್ಚಿಯ ಕಣ್ಣು ಇನ್ನೂ ನನ್ನ ಹಿಂದೆಯೇ ತಿರುಗುತ್ತಿತ್ತು. ಹಾಗೆ ನೋಡುವ ಜೀವವನ್ನು ಗುಡ್ಡದ ಮೇಲೆ ಬಿಟ್ಟುಬರುವ ಕಾಲು ನನಗಿಲ್ಲ. ಸತ್ತರೆ ನನ್ನ ತೊಡೆಯ ಮೇಲೆ ಸಾಯಲಿ, ಆದರೆ ಸುಲಭವಾಗಿ ಬಿಟ್ಟುಕೊಡುವವಳಲ್ಲ ಎಂದು ಆ ರೋಗಕ್ಕೇ ಬೈಯುತ್ತಿದ್ದೆ. ಒಂದು ದಿನ ಬೈಯುತ್ತಲೇ ಅತ್ತುಬಿಟ್ಟೆ.

ಒಂದು ಬೆಳಿಗ್ಗೆ ವಾಂತಿ ಆಗಲಿಲ್ಲ. ಮಿರ್ಚಿ ತಾನಾಗಿಯೇ ತೆವಳಿ ಹೋಗಿ ಬಟ್ಟಲಿನ ನೀರು ನೆಕ್ಕಿತು. ನಾನು ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲೇ ಕಾದೆ. ನೀರು ಒಳಗೇ ಉಳಿಯಿತು.

"ಗೆದ್ದಾಳ ನಿಮ್ಮ ಹುಡುಗಿ" ಎಂದರು ಡಾಕ್ಟರಮ್ಮ. "ಆದ್ರೂ ಹುಷಾರಿರ್ರಿ."

ಮಿರ್ಚಿ ತುಸು ಗಟ್ಟಿಯಾದ ಮೇಲೆ ಓಣಿಯಲ್ಲಿ ಮರಿ ಇದ್ದ ಮನೆಮನೆಗೆ ಹೋದೆ. ಬೈಸಿಕೊಂಡೆ, ಬೈದೆ. ಕಡೆಗೆ ಬ್ಲೀಚಿಂಗ್ ನೀರಲ್ಲಿ ತಿಕ್ಕಿ ತೊಳೆದ ಗಂಡನ ಟಂಟಂ ತುಂಬ ಮರಿಗಳು ಕುಂಯ್‌ಗುಡುತ್ತ ಶಹಾಪುರಕ್ಕೆ ಹೋಗಿ ಪಾರ್ವೊದ ಸೂಜಿ ಹಾಕಿಸಿಕೊಂಡವು. ಮುಂದಿನ ಡೋಸಿಗೂ ನಾನೇ ಎಳೆದೊಯ್ಯುವವಳಿದ್ದೇನೆ. ಶಾಂತವ್ವ ಕಕ್ಕೇರಾದಿಂದ ಹೊಸ ಮರಿ ತರುತ್ತಾಳೆಂದು ಕೇಳಿ, ಅವಳ ಮುಚ್ಚಿದ ಬಾಗಿಲ ಮುಂದೆ ನಿಂತು, ಸೂಜಿ ಎಲ್ಲ ಮುಗಿಯುವವರೆಗೆ ಈ ಓಣಿಗೆ ತರಬೇಡ ಎಂದು ಕೂಗಿಬಂದೆ. ಈಗ ಮರಿಯನ್ನು ಕಕ್ಕೇರಾದ ತಂಗಿಯ ಮನೆಯಲ್ಲೇ ಬಿಟ್ಟು, ಬಸ್ಸಿನಲ್ಲಿ ಹೋಗಿ ಸೂಜಿ ಹಾಕಿಸುತ್ತಿದ್ದಾಳಂತೆ. ನಮ್ಮ ಟಂಟಂ ಹತ್ತುವುದಿಲ್ಲ. ನನ್ನೊಡನೆ ಮಾತೂ ಇಲ್ಲ. ಮರಿ ಉಳಿದರೆ ನನಗಷ್ಟು ಸಾಕು.

ಮಿರ್ಚಿಯ ಪಕ್ಕೆಲುಬುಗಳು ಇನ್ನೂ ಎಣಿಸುವಂತಿವೆ. ಹೊಟ್ಟೆ ಸೂಕ್ಷ್ಮ, ಮೊಸರನ್ನ ಬಿಟ್ಟರೆ ಏನೂ ಒಗ್ಗದು. ನಾಳೆಯ ಮಾತು ನಾನು ಆಡುವುದಿಲ್ಲ. ಮೊನ್ನೆ ಶಾಂತವ್ವ ನನ್ನ ಅತ್ತೆಯ ಮುಂದೆ ದೂರಿದಳಂತೆ: "ನಿಮ್ಮ ನಾಯಿ ಬೊಗಳಿ ಬೊಗಳಿ ನನ್ನ ನಿದ್ದಿ ಕೆಡಸ್ತದ."

ಕೇಳಿದವಳೇ ಎದ್ದು ಬಾಗಿಲು ಪೂರ್ತಿ ತೆರೆದೆ.

"ಬೊಗಳು ನನ್ನವ್ವ" ಎಂದೆ ಮಿರ್ಚಿಗೆ. "ಇನ್ನಾ ಜೋರ್ ಬೊಗಳು."